ಚೈಲ್ಡ್ ಎ ಇದ್ದರೂ ಲಿವರ್ ಆಪರೇಷನ್ ಯಾಕೆ ಮುಂದಕ್ಕೆ ಹಾಕ್ತಾರೆ?

ಅಪ್ಪನಿಗೆ ಹೆಪಟೈಟಿಸ್ ಬಿಯಿಂದ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಆಗಿದೆ, ಲಿವರ್‌ನ ಬಲಭಾಗದಲ್ಲಿ ಗೆಡ್ಡೆ ಇದೆ, ರಿಪೋರ್ಟ್‌ನಲ್ಲಿ 'ಚೈಲ್ಡ್ ಎ' ಅಂತಿದ್ದರೂ ಸರ್ಜನ್ "ಈಗಲೇ ಬೇಡ" ಅಂದಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ನಾನು ಅರಿವಳಿಕೆ ಡಾಕ್ಟರ್. ಇಂಥ ಆಪರೇಷನ್‌ಗಳಿಗೆ ಮೊದಲು ರೋಗಿಯನ್ನು ನೋಡುವುದು ನನ್ನ ದಿನದ ಕೆಲಸ.

ಚೈಲ್ಡ್ ಎ ಒಳ್ಳೆಯ ಸುದ್ದಿಯೇ. ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯಲ್ಲಿ ನೀರು, ಮಂಪರು, ಈ ಐದಕ್ಕೆ ಅಂಕ ಕೊಟ್ಟು 5 ಅಥವಾ 6 ಬಂದರೆ 'ಎ'. ಆದರೆ ಅದು ಈಗಿರುವ ಇಡೀ ಲಿವರ್‌ಗೆ ಸಿಕ್ಕ ಮಾರ್ಕ್ಸ್. ಆಪರೇಷನ್ ಆದ ಮಾರನೇ ದಿನದಿಂದ ದುಡಿಯಬೇಕಾದ್ದು ಉಳಿದ ತುಂಡು, ಅಲ್ವಾ? 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಎಂಬ ಸರ್ಜನ್‌ಗಳು ಇದರ ಮೊದಲ ರೂಪ ಮಾಡಿದ್ದು ಲಿವರ್ ಕತ್ತರಿಸುವವರಿಗಾಗಿ ಅಲ್ಲ, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡ ಇಳಿಸುವ ಆಪರೇಷನ್‌ಗಾಗಿ. ಎಷ್ಟು ಉಳಿಯುತ್ತೆ ಅನ್ನೋದನ್ನು ಅದು ಕೇಳುವುದೇ ಇಲ್ಲ.

ಅದಕ್ಕೇ ಸಿಟಿ ಸ್ಕ್ಯಾನ್ ಮೇಲೆ ಅಳತೆ. ಒಂದೊಂದು ಚಿತ್ರದಲ್ಲೂ ಲಿವರ್‌ನ ಅಂಚಿಗೆ ಗೆರೆ ಎಳೆದು, ಗೆಡ್ಡೆಯನ್ನು ಬಿಟ್ಟು, ಎಷ್ಟು ಮಿಲಿ ಅಂತ ಲೆಕ್ಕ ಹಾಕ್ತಾರೆ. ಉದಾಹರಣೆಗೆ ಒಟ್ಟು 1200 ಮಿಲಿ, ಉಳಿಯುವುದು 420 ಅಂದುಕೊಳ್ಳಿ. ಅಂದರೆ 35%. ಚೆನ್ನಾಗಿರುವ ಲಿವರ್‌ಗೆ 20-25% ಸಾಕು. ತುಂಬಾ ಕೀಮೋ ಆಗಿದ್ದರೆ 30% ಬೇಕು. ಸಿರೋಸಿಸ್‌ಗೆ 40% ಆದರೂ ಇರಬೇಕು. ಹಾಗಾದರೆ 35% ಸಾಲದು.

ಆಗ ಬಲಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳವನ್ನು ಸೂಜಿ ಮೂಲಕ ಮುಚ್ಚುತ್ತಾರೆ. ರಕ್ತ ಎಡಕ್ಕೆ ತಿರುಗುತ್ತೆ, ನಾಲ್ಕೈದು ವಾರದಲ್ಲಿ ಆ ಭಾಗ ದಪ್ಪ ಆಗುತ್ತೆ. ಆಗದಿದ್ದರೆ? ಅದೂ ಒಂದು ಉತ್ತರವೇ. ಬೆಳೆಯುವ ಶಕ್ತಿ ಇಲ್ಲದ ಲಿವರ್ ಆಪರೇಷನ್ ಆದಮೇಲೂ ಬೆಳೆಯುವುದು ಕಷ್ಟ. "ಈಗಲೇ ಬೇಡ" ಅಂದಿದ್ದು ಇದಕ್ಕೇ ಇರಬಹುದು.

ಕೆಲವು ಕಡೆ ಹಸಿರು ಬಣ್ಣದ ಔಷಧಿಯೊಂದನ್ನು ರಕ್ತಕ್ಕೆ ಕೊಟ್ಟು, 15 ನಿಮಿಷ ಆದಮೇಲೆ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡುತ್ತಾರೆ; ಲಿವರ್ ಚೆನ್ನಾಗಿದ್ದಷ್ಟೂ ಕಡಿಮೆ ಉಳಿಯುತ್ತೆ. ಜಪಾನಿನಲ್ಲಿ ಇದಕ್ಕೆ ತುಂಬಾ ಬೆಲೆ. 10%ಗಿಂತ ಕಡಿಮೆ ಉಳಿದಿದ್ದರೆ ಮಾತ್ರ ಅಲ್ಲಿ ಬಲಭಾಗ ಪೂರ್ತಿ ತೆಗೆಯಲು ಒಪ್ಪುತ್ತಾರೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದು ಗುಲ್ಮ ದೊಡ್ಡದಾಗಿದ್ದರೆ ನನಗೆ ಇನ್ನೂ ಭಯ ಜಾಸ್ತಿ, ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿರುವ ಗುರುತು ಅದು.

ನನ್ನ ಪಾಲಿಗೆ ಬರುವುದು ಹೃದಯ, ಶ್ವಾಸಕೋಶ, ಕಾಲಿನ ಬಲ. "ಎರಡು ಮಹಡಿ ನಿಲ್ಲದೆ ಹತ್ತುತ್ತೀರಾ?" ಅಂತ ಕೇಳಿದರೆ ಪಕ್ಕದಲ್ಲಿರುವ ಮಗನೇ "ಹತ್ತುತ್ತಾರೆ ಡಾಕ್ಟ್ರೇ" ಅಂತಾನೆ. ಅದಕ್ಕೆ ನಾನೇ ಜೊತೆಗೆ ಹತ್ತುತ್ತೇನೆ. ಒಬ್ಬ ಹಿರಿಯರು ಹನ್ನೊಂದನೇ ಮೆಟ್ಟಿಲಲ್ಲಿ ನಿಂತು, ಚಪ್ಪಲಿ ಸರಿ ಮಾಡಿಕೊಳ್ಳೋ ಹಾಗೆ ಬಗ್ಗಿದರು. ಚಪ್ಪಲಿ ಸರಿಯಾಗೇ ಇತ್ತು.

ಮುಂದಿನ ಸಲ ಹೋದಾಗ "ಎಷ್ಟು ಪರ್ಸೆಂಟ್ ಉಳಿಯುತ್ತೆ, ರಕ್ತನಾಳ ಮುಚ್ಚುವ ಯೋಚನೆ ಇದೆಯಾ?" ಅಂತ ನೇರವಾಗಿ ಕೇಳಿ. ಅಷ್ಟರೊಳಗೆ ಅಪ್ಪನನ್ನು ದಿನಾ ನಡೆಸಿ. ಹೆಪಟೈಟಿಸ್ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.