ತಾನೇ ಮಾಡಿಕೊಂಡ ಗಾಯಕ್ಕೆ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಯೇ?

ತಂಗಿ ಆ ಹೆದರಿಕೆಯಿಂದಲೇ ಆಸ್ಪತ್ರೆ ಬೇಡ ಎನ್ನುತ್ತಿದ್ದಾಳೆ ಎಂದು ಬರೆದಿದ್ದೀರಿ. ಮೊದಲು ಗಾಯ ನೋಡಿ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ಇಣುಕಬೇಡಿ. ರಕ್ತ ನಿಂತ ಮೇಲೆ ನಲ್ಲಿ ನೀರಿನಲ್ಲಿ ತೊಳೆದು ಮುಚ್ಚಿ. ಕಾಫಿಪುಡಿ, ಅರಿಸಿನ ಬೇಡ (ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದೇ ಆ ಡಬ್ಬಿಗೆ). ರಕ್ತ ನಿಲ್ಲದಿದ್ದರೆ, ಗಾಯ ಬಾಯಿಬಿಟ್ಟಿದ್ದರೆ, ಬೆರಳು ಮರಗಟ್ಟಿದ್ದರೆ ಅಥವಾ ಮಾತ್ರೆಯನ್ನೂ ನುಂಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಧನುರ್ವಾಯು ಚುಚ್ಚುಮದ್ದನ್ನೂ ವೈದ್ಯರಲ್ಲಿ ಕೇಳಿ.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಸಾಯಬೇಕೆನ್ನಿಸುತ್ತಿದೆಯೇ ಎಂದು ಅವಳನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.