ಕೇಳಿ, ಹೇಳ್ತೀನಿ: ಸೀಲ್ ಊಟಕ್ಕೆ ಏನಿತ್ತು?

ಕಳೆದ ಸಂಚಿಕೆಯಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಊರಿನ ಚಳಿ ಬಗ್ಗೆ ಬರೆಯುವಾಗ, ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಎರಡು ವರ್ಷ ಸೀಲ್‌ಗಳ (ಮೀನು ತಿಂದು ಬದುಕುವ, ಮೈತುಂಬ ಕೊಬ್ಬಿನ ಕಡಲ ಪ್ರಾಣಿ) ಕೊಬ್ಬು ಕರಗಿಸಿ ಬಂದವಳು ನಾನು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಬಂಗುಡೆ ಪುಳಿಮುಂಚಿ ಬಗ್ಗೆ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಈ ಸಲ ಪೂರ್ತಿ ಅದೇ.

ಕಡಲೊಳಗೆ ಮುಳುಗಿ ತಿನ್ನುವ ಪ್ರಾಣಿ ಏನು ತಿಂತು ಅಂತ ಯಾರು ನೋಡಿದ್ದಾರೆ? ಕೊಬ್ಬು ನೋಡಿ ಅದು ಹೇಗೆ ಗೊತ್ತಾಗುತ್ತದೆ?
– ಪಿಯುಸಿ ವಿದ್ಯಾರ್ಥಿನಿ, ಕುಮಟಾ

ಯಾರೂ ನೋಡಿಲ್ಲ ಪುಟ್ಟಿ, ಅದಕ್ಕೇ ಇಷ್ಟೆಲ್ಲ ಪಾಡು. ಹಳೆಯ ದಾರಿ ಅಂದರೆ ಸೀಲ್ ಹಾಕಿದ ಲದ್ದಿ ಹೆಕ್ಕಿ ತಂದು, ಜರಡಿಯಲ್ಲಿ ತೊಳೆದು, ಉಳಿದದ್ದನ್ನು ನೋಡುವುದು. ಕೆಲವು ಕಡೆ ಜಾಳಿಗೆ ಚೀಲಕ್ಕೆ ತುಂಬಿ ವಾಷಿಂಗ್ ಮಷೀನ್‌ಗೇ ಹಾಕುತ್ತಾರೆ, ನಿಜವಾಗಲೂ. ಕೊನೆಗೆ ಸಿಗುವುದು ಮೀನಿನ ಕಿವಿಕಲ್ಲು. ಮೀನಿನ ತಲೆಯೊಳಗಿನ ಸುಣ್ಣದ ಚಿಕ್ಕ ಹರಳು ಅದು. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರ. ಉಂಗುರ ಎಣಿಸಿದರೆ ಮೀನಿನ ವಯಸ್ಸೂ ಗೊತ್ತಾಗುತ್ತದೆ. ಆದರೆ ಚಿಕ್ಕ ಮೀನಿನ ಹರಳು ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ದೊಡ್ಡ ಮೀನಿನ ಹೊಟ್ಟೆಭಾಗ ಮಾತ್ರ ಕಚ್ಚಿ ತಿಂದು ತಲೆ ಬಿಟ್ಟರೆ ಹರಳೇ ಇಲ್ಲ. ಅಲ್ಲದೆ ಲದ್ದಿ ಹೇಳುವುದು ನಿನ್ನೆ ಮೊನ್ನೆಯ ಊಟ ಮಾತ್ರ. ಮದುವೆಯ ಮರುದಿನ ನಮ್ಮ ಮನೆ ಕಸದ ಬುಟ್ಟಿ ನೋಡಿ, ಇವರು ದಿನಾ ಹೋಳಿಗೆ ತಿನ್ನುವವರು ಅಂದಹಾಗೆ.

ಕೊಬ್ಬು ಹಾಗಲ್ಲ. ಮೀನಿನ ಎಣ್ಣೆಯಲ್ಲಿ ಹತ್ತಾರು ಬಗೆಯ ಕೊಬ್ಬಿನಾಮ್ಲಗಳಿರುತ್ತವೆ, ಅಂದರೆ ಇಂಗಾಲದ ಸರಪಣಿಯಂಥ, ಕೊಬ್ಬನ್ನು ಕಟ್ಟುವ ತುಣುಕುಗಳು. ಅವುಗಳಲ್ಲಿ ಉದ್ದ ಸರಪಣಿಯವು, ಅಂದರೆ 14 ಅಥವಾ ಅದಕ್ಕಿಂತ ಜಾಸ್ತಿ ಇಂಗಾಲ ಇರುವವು, ಸೀಲ್‌ನ ಚರ್ಮದಡಿ ಹೋಗಿ ಕೂರುವಾಗ ಹೆಚ್ಚು ಬದಲಾಗುವುದಿಲ್ಲ. ಅಟ್ಲಾಂಟಿಕ್‌ನ ಹೆರಿಂಗ್ ಮೀನು ಕೋಪೆಪಾಡ್ ಎಂಬ ಸಣ್ಣ ಹುಳದಂಥ ಜೀವಿಗಳನ್ನು ತಿನ್ನುತ್ತದೆ. ಅವುಗಳಿಂದ ಬರುವ 20 ಮತ್ತು 22 ಇಂಗಾಲದ ಎರಡು ಆಮ್ಲಗಳು ಹೆರಿಂಗ್‌ನಲ್ಲಿ ಧಾರಾಳ. ಹೆರಿಂಗ್ ತಿಂದ ಸೀಲ್‌ನಲ್ಲೂ ಅವೇ ಎದ್ದು ಕಾಣುತ್ತವೆ. ಆ ಕಡಲಿನ ಒಂದೊಂದು ಮೀನನ್ನೂ ಅರೆದು ಅದರ ಎಣ್ಣೆಯ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಬೇಕು. ಯಾವ ಮೀನು ಎಷ್ಟು ಬೆರೆಸಿದರೆ ಈ ಸೀಲ್‌ನ ಕೊಬ್ಬಿಗೆ ಹೊಂದುತ್ತದೆ ಅಂತ ಆಮೇಲೆ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದ ಸಾರಾ ಐವರ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಧಾನ ಇದು. ಸಾಂಬಾರು ಬಾಯಿಗಿಟ್ಟು ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಅಂತ ಹೇಳುತ್ತಿದ್ದ ನಮ್ಮ ದೊಡ್ಡಮ್ಮ ಇದನ್ನು ಕಂಪ್ಯೂಟರ್ ಇಲ್ಲದೆ ಮಾಡುತ್ತಿದ್ದರು.

ಮಾದರಿ ತೆಗೆಯುವುದು ಸೀಲ್‌ನ ಹಿಂಭಾಗದ ಪಕ್ಕೆಯಿಂದ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, 6 ಮಿಲಿಮೀಟರ್ ಅಗಲದ ಕೊಳವೆಯಿಂದ ಚರ್ಮದಿಂದ ಸ್ನಾಯುವಿನವರೆಗೆ ಒಂದು ಎಳೆ ಎತ್ತುತ್ತಾರೆ. ನನ್ನ ಕೈಗೆ ಬರುತ್ತಿದ್ದದ್ದು ಆ ಎಳೆ. ಬೆಳ್ಳಗೆ, ನಸುಗೆಂಪು, ಬೆರಳಷ್ಟು ಉದ್ದವೂ ಇಲ್ಲ. ವಾಸನೆ ಮಲ್ಪೆ ಬಂದರಿನ ಹಳೇ ಒಣಮೀನು ಗೋಣಿಯದ್ದು. ಊರು ನೆನಪಾಗಿ ಮೊದಲ ವಾರ ಕಣ್ಣಲ್ಲಿ ನೀರು ಬಂದಿತ್ತು, ಬೇರೆಯವರು ವಾಸನೆಗೆ ಅಂದುಕೊಂಡರು.

ಕೊಬ್ಬು ಕರಗಿ ಬರಲಿ ಅಂತ ಅದನ್ನು ಕ್ಲೋರೋಫಾರ್ಮ್‌ನಲ್ಲಿ ಅದ್ದಿಡಬೇಕು, ಗಾಜಿನ ಸೀಸೆಯಲ್ಲಿ. ಒಂದು ದಿನ ಗಾಜಿನದ್ದು ಖಾಲಿಯಾಗಿತ್ತು. ಪಕ್ಕದಲ್ಲಿದ್ದ ಪಾರದರ್ಶಕ ಪ್ಲಾಸ್ಟಿಕ್ ನಳಿಕೆಗೆ ಹಾಕಿ ಚಹಾಕ್ಕೆ ಹೋದೆ. ವಾಪಸ್ ಬಂದರೆ ನಳಿಕೆಯ ಬುಡವೇ ಕರಗಿ ಮೇಜಿಗೆ ಅಂಟಿಕೊಂಡಿತ್ತು. ಆ ನಳಿಕೆಯ ಪ್ಲಾಸ್ಟಿಕ್, ಪಾಲಿಸ್ಟೈರೀನ್, ಕ್ಲೋರೋಫಾರ್ಮ್‌ನಲ್ಲಿ ಬೆಲ್ಲದ ಹಾಗೆ ಕರಗುತ್ತದೆ ಅಂತ ನಾನೇ ಪಾಠ ಮಾಡಿದವಳು! ಹಿಮಗಾಳಿಯಲ್ಲಿ ಯಾರೋ ಮಂಡಿಯೂರಿ ತೆಗೆದಿದ್ದ ಒಂದು ಸೀಲ್‌ನ ಮಾದರಿ ಅದು. ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ 'ನಷ್ಟ' ಅಂತ ನನ್ನ ಕೈಯಾರೆ ಬರೆದೆ.

ಸೀಲ್‌ನ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ಕೊಲ್ಲದೆ ಅಳೆಯಲು ಆಗುತ್ತದೆಯೇ?
– ನಿವೃತ್ತ ಪಶುವೈದ್ಯರು, ಶಿರಸಿ

ಆಗುತ್ತದೆ ಡಾಕ್ಟರೇ. ಪಾನಕದ ಲೆಕ್ಕ. ಕೊಡದಲ್ಲಿ ನೀರೆಷ್ಟಿದೆ ಅಂತ ಗೊತ್ತಿಲ್ಲ ಅನ್ನಿ. ಒಂದು ಅಚ್ಚು ಬೆಲ್ಲ ಹಾಕಿ ಕದಡಿ, ಒಂದು ಚಮಚ ರುಚಿ ನೋಡಿ. ಸಿಹಿ ಕಡಿಮೆಯಾದಷ್ಟೂ ನೀರು ಜಾಸ್ತಿ. ಇಲ್ಲಿ ಬೆಲ್ಲದ ಬದಲು ಭಾರಜಲ, ಅಂದರೆ ಭಾರದ ಬಗೆಯ ಹೈಡ್ರೋಜನ್ ಇರುವ ನೀರು. ಸೀಲ್‌ಗೆ ಅಳೆದು ಚುಚ್ಚಿ, ಕೆಲವು ಗಂಟೆ ಬಿಟ್ಟು ರಕ್ತ ತೆಗೆದು, ಅದು ಎಷ್ಟು ತೆಳುವಾಗಿದೆ ನೋಡುತ್ತಾರೆ. ಮೈಯ ನೀರೆಲ್ಲ ಹೆಚ್ಚುಕಡಿಮೆ ಮಾಂಸದ ಭಾಗದಲ್ಲೇ ಇರುತ್ತದೆ, ಕೊಬ್ಬಿನಲ್ಲಿ ನೀರು ತೀರಾ ಕಡಿಮೆ. ಒಟ್ಟು ತೂಕ ಗೊತ್ತಿದ್ದರೆ ಉಳಿದದ್ದು ಕಳೆಯುವ ಲೆಕ್ಕ.

ಈ ಲೆಕ್ಕದಿಂದ ತಿಳಿದ ಒಂದು ಸಂಗತಿ ನನಗೆ ಇವತ್ತಿಗೂ ಬೆರಗು. ಹ್ಯಾಲಿಫ್ಯಾಕ್ಸ್‌ನಿಂದ ಸುಮಾರು 300 ಕಿಲೋಮೀಟರ್ ದೂರ, ನಡುಗಡಲಲ್ಲಿ ಸೇಬಲ್ ಅಂತ ಒಂದು ಮರಳಿನ ದ್ವೀಪ. ಕಾಡುಕುದುರೆಗಳಿರುವ ಆ ದಿಬ್ಬದ ಮೇಲೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಬೂದು ಸೀಲ್‌ಗಳು ಮರಿ ಹಾಕುತ್ತವೆ. ಹುಟ್ಟಿದಾಗ ಮರಿ 15–16 ಕಿಲೋ. ಎರಡೂವರೆ ವಾರದಲ್ಲಿ ಸುಮಾರು 50 ಕಿಲೋ! ತಾಯಿಯ ಹಾಲಿನಲ್ಲಿ ಶೇ. 60ರಷ್ಟು ಕೊಬ್ಬು. ನಿಮ್ಮ ಎಮ್ಮೆ ಹಾಲಿನದ್ದು ಶೇ. 7ರ ಆಸುಪಾಸು ತಾನೇ? ಅಷ್ಟು ದಿನವೂ ತಾಯಿ ಏನೂ ತಿನ್ನುವುದಿಲ್ಲ. ದಿನಕ್ಕೆ ನಾಲ್ಕು ಕಿಲೋ ಇಳಿಯುತ್ತಾಳೆ. ಬೇಸಿಗೆ, ಶರತ್ಕಾಲದಲ್ಲಿ ತಿಂದ ಮೀನೇ ಕೊಬ್ಬಾಗಿ, ಹಾಲಾಗಿ ಮರಿಯ ಮೈಗೆ ಇಳಿಯುತ್ತದೆ. ಆಮೇಲೆ ಒಂದು ದಿನ ಸುಮ್ನೆ ಎದ್ದು ಕಡಲಿಗೆ ಹೋಗಿಬಿಡುತ್ತಾಳೆ, ತಿರುಗಿ ನೋಡುವುದಿಲ್ಲ. ಬಾಣಂತನ ಮುಗಿಯಿತು.

ಕೆನಡಾದ ಕಾಡ್ ಮೀನನ್ನೆಲ್ಲ ಸೀಲ್‌ಗಳೇ ತಿಂದು ಮುಗಿಸಿದವು ಅಂತ ವಿಡಿಯೊದಲ್ಲಿ ನೋಡಿದೆ. ಹೌದಾ?
– ಬೋಟ್ ಮಾಲೀಕರು, ಗಂಗೊಳ್ಳಿ

ಮುಗಿಸಿದ್ದು ಬಲೆ. 1992ರ ಜುಲೈನಲ್ಲಿ ನ್ಯೂಫೌಂಡ್‌ಲ್ಯಾಂಡ್ ಕಡೆ ಕಾಡ್ ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಿತಲ್ಲ, ಅದಕ್ಕೆ ಮುಂಚೆ ದಶಕಗಟ್ಟಲೆ ಎಳೆದದ್ದು ಟ್ರಾಲರ್‌ಗಳು. ಆದರೆ ಸೀಲ್‌ಗಳನ್ನು ಪೂರ್ತಿ ಬಿಟ್ಟುಬಿಡಲೂ ಆಗುವುದಿಲ್ಲ. ಸೇಬಲ್ ದ್ವೀಪದ ಸೀಲ್‌ಗಳ ಕೊಬ್ಬಿನಲ್ಲಿ ಕಂಡದ್ದು ಜಾಸ್ತಿ ಮರಳುಮೀನು (ಸ್ಯಾಂಡ್ ಲಾನ್ಸ್) ಮತ್ತು ಕೆಂಪುಮೀನು (ರೆಡ್‌ಫಿಶ್), ಕಾಡ್ ಸ್ವಲ್ಪ. ಅದೇ ಸೇಂಟ್ ಲಾರೆನ್ಸ್ ಕೊಲ್ಲಿಯ ದಕ್ಷಿಣದಲ್ಲಿ, ಅಳಿದುಳಿದ ಕಾಡ್ ಚೇತರಿಸದಿರಲು ಬೂದು ಸೀಲ್‌ಗಳೂ ದೊಡ್ಡ ಕಾರಣ ಅನ್ನುವ ವಿಜ್ಞಾನಿಗಳಿದ್ದಾರೆ. ಚಳಿಗಾಲದಲ್ಲಿ ಕಾಡ್ ಗುಂಪುಗೂಡುವ ಜಾಗಕ್ಕೇ ಗಂಡು ಸೀಲ್‌ಗಳು ಹೋಗಿ ತಿಂದದ್ದು ಪತ್ತೆಯಾಗಿದೆ. ಎಲ್ಲಿಯ ಸೀಲ್, ಗಂಡೋ ಹೆಣ್ಣೋ, ಯಾವ ತಿಂಗಳು ಅಂತ ಕೇಳದೆ 'ಸೀಲ್ ತಿಂತು' ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ತೊಡಕೂ ಇದೆ. ಕಾಡ್‌ನ ಮಾಂಸದಲ್ಲಿ ಎಣ್ಣೆ ಬಹಳ ಕಡಿಮೆ, ಎಣ್ಣೆಯೆಲ್ಲ ಪಿತ್ತಜನಕಾಂಗದಲ್ಲಿ. ಒಂದು ಕಿಲೋ ಕಾಡ್ ತಿಂದರೂ, ಒಂದು ಕಿಲೋ ಹೆರಿಂಗ್ ತಿಂದಷ್ಟು ಗುರುತು ಕೊಬ್ಬಿನಲ್ಲಿ ಉಳಿಯುವುದಿಲ್ಲ. ಅದನ್ನು ಲೆಕ್ಕದಲ್ಲಿ ಸರಿದೂಗಿಸಬೇಕು. ಮಳೆಗಾಲ ಮುಗಿದ ಮೇಲಿನ ಬೂತಾಯಿಗೂ ಬೇಸಿಗೆಯ ಬೂತಾಯಿಗೂ ಎಣ್ಣೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಕಾವಲಿ ನೋಡಿದ ನಿಮಗೆ ನಾನು ಹೇಳಬೇಕೇ? ಅಲ್ಲಿನ ಹೆರಿಂಗ್‌ದೂ ಅದೇ ಕಥೆ. ಹಾಗಾಗಿ ಯಾವ ತಿಂಗಳಲ್ಲಿ ಹಿಡಿದ ಮೀನು ಅರೆದು ಪಟ್ಟಿ ಮಾಡಿದರು ಅನ್ನುವುದರ ಮೇಲೂ ಉತ್ತರ ಆಚೀಚೆ ಆಗುತ್ತದೆ.

ನಮ್ಮ ಕೊಬ್ಬು ನೋಡಿದರೂ ನಾವು ತಿಂದದ್ದು ಗೊತ್ತಾಗುತ್ತಾ?
– ಗೃಹಿಣಿ, ದಾವಣಗೆರೆ

ಸ್ವಲ್ಪ ಮಟ್ಟಿಗೆ. ಸೂರ್ಯಕಾಂತಿ ಎಣ್ಣೆಯ ಲಿನೋಲೀಕ್ ಆಮ್ಲವನ್ನು ನಮ್ಮ ದೇಹ ತಾನಾಗಿ ತಯಾರಿಸುವುದಿಲ್ಲ. ಹಾಗಾಗಿ ಅದು ಮೈಕೊಬ್ಬಿನಲ್ಲಿ ಎಷ್ಟಿದೆಯೋ ಅಷ್ಟೂ ಊಟದಿಂದ ಬಂದದ್ದೇ. ನಮ್ಮ ಕರಾವಳಿಯವರ ಗುಟ್ಟು ಅಷ್ಟು ಸುಲಭಕ್ಕೆ ಬಯಲಾಗದು. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಇರುವುದು 12 ಇಂಗಾಲದ ಲಾರಿಕ್ ಆಮ್ಲ, ಅದು ಉದ್ದ ಸರಪಣಿಯವುಗಳಿಗಿಂತ ಬೇಗ ಉರಿದುಹೋಗುತ್ತದೆ.

ನಮ್ಮ ಹೊಳೆಯ ನೀರುನಾಯಿಯೂ ಸೀಲ್ ಜಾತಿಯೇ? ಅದಕ್ಕೂ ಕೊಬ್ಬು ಇದೆಯೇ?
– ಶಾಲಾ ಶಿಕ್ಷಕ, ಕಂಪ್ಲಿ

ಇಲ್ಲ. ನಮ್ಮ ಕಡಲಲ್ಲೇ ಸೀಲ್‌ಗಳ ವಾಸ ಇಲ್ಲ. ನೀರುನಾಯಿ ಬೇರೆ ಕುಟುಂಬ, ಅದಕ್ಕೆ ಸೀಲ್‌ನಂಥ ಕೊಬ್ಬಿನ ಕಂಬಳಿ ಇಲ್ಲ, ಒತ್ತಾದ ತುಪ್ಪಳವೇ ಬೆಚ್ಚಗಿಡುವುದು. ಆದ್ದರಿಂದ ಅದರ ಊಟ ತಿಳಿಯಲು ಹಳೇ ದಾರಿಯೇ ಗತಿ, ಲದ್ದಿ. ನಿಮ್ಮದಂತೂ ಪುಣ್ಯದ ಊರು. ತುಂಗಭದ್ರೆಯ 34 ಕಿಲೋಮೀಟರ್ ಉದ್ದದ ಭಾಗ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಹೊಳೆ ನಡುವಿನ ಬಂಡೆ ಮೇಲೆ ಒಣಗಿದ ಲದ್ದಿಯಲ್ಲಿ ಮೀನಿನ ಪೊರೆ ಮಿಂಚುವುದನ್ನು ದೂರದಿಂದಲೇ ಮಕ್ಕಳಿಗೆ ತೋರಿಸಿ. ನನಗೆ ಫೋಟೊ ಕಳಿಸಿದರೆ ಸಾಕು. ಹೋದ ವರ್ಷ ಓದುಗರೊಬ್ಬರು ಲಕೋಟೆಯಲ್ಲಿ ಸತ್ತ ಏಡಿ ಕಳಿಸಿದ್ದರು, ನಮ್ಮ ಪೋಸ್ಟ್‌ಮ್ಯಾನ್ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.