ಬೆಚ್ಚುವುದು ಬೇರೆ, ದಿಗಿಲು ಬೇರೆ

ಪ್ರಶ್ನೆ: ‘ದಿ ಕಾಂಜ್ಯೂರಿಂಗ್’ ಚಿತ್ರವನ್ನು ಮನೆಯವರೆಲ್ಲ ಕುಳಿತು ನೋಡಿದೆವು. ಹಳೆಯ ಮನೆ, ಹೊಸ್ತಿಲು ದಾಟಲೊಲ್ಲದ ನಾಯಿ, ನಿಂತುಹೋಗುವ ಗಡಿಯಾರ, ಹಲಗೆ ಹೊಡೆದು ಮುಚ್ಚಿದ ನೆಲಮಾಳಿಗೆ – ಎಲ್ಲವೂ ಹಿಂದೆ ಎಲ್ಲೋ ಕಂಡವೇ. ಹಾಗಿದ್ದೂ ಈ ಚಿತ್ರಕ್ಕೆ ಇಷ್ಟು ಹೊಗಳಿಕೆ ಏಕೆ? – ಓದುಗರು, ಶಿವಮೊಗ್ಗ

ಉತ್ತರ: ನೀವು ಕೊಟ್ಟ ಪಟ್ಟಿಗೆ ಇನ್ನೂ ನಾಲ್ಕು ಸೇರಿಸಬಹುದು. ಜೇಮ್ಸ್ ವಾನ್ ನಿರ್ದೇಶಿಸಿ 2013ರಲ್ಲಿ ತೆರೆಕಂಡ ಈ ಚಿತ್ರದಲ್ಲಿ, 1971ರ ವೇಳೆಗೆ ಅಮೆರಿಕದ ರೋಡ್ ಐಲೆಂಡ್‌ನ ಹಳೆಯ ತೋಟದ ಮನೆಗೆ ಐವರು ಹೆಣ್ಣುಮಕ್ಕಳೊಂದಿಗೆ ಬಂದಿಳಿಯುವ ಪೆರನ್ ದಂಪತಿಯನ್ನು ಕಾಡುವ ಉಪದ್ರವಗಳಲ್ಲಿ ಒಂದೂ ಹೊಸದಲ್ಲ. ಆದರೆ ಹಳೆಯ ಪಟ್ಟುಗಳನ್ನು ಎಷ್ಟು ಹೊತ್ತು ಬಿಗಿಹಿಡಿಯಬೇಕು, ಯಾವಾಗ ಸಡಿಲಿಸಬೇಕು ಎಂಬುದನ್ನು ವಾನ್ ಚೆನ್ನಾಗಿ ಬಲ್ಲರು.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅಡಗಿದವರ ಚಪ್ಪಾಳೆಯ ಜಾಡು ಹಿಡಿದು ಹುಡುಕುವ ಮಕ್ಕಳ ಆಟವೊಂದು ಚಿತ್ರದಲ್ಲಿದೆಯಷ್ಟೆ. ಮೊದಲ ಸಲ ಅದು ಬರೀ ಆಟ. ಮುಂದೊಮ್ಮೆ ತಾಯಿ ಆಡುವಾಗ ಬೀರುವಿನೊಳಗಿಂದ ಎರಡು ಕೈಗಳು ಹೊರಬಂದು ಚಪ್ಪಾಳೆ ತಟ್ಟುತ್ತವೆ. ನಮಗೆ ಕಾಣುತ್ತದೆ, ಆಕೆಗೆ ಕಾಣುವುದಿಲ್ಲ. ಆಮೇಲೆ ನೆಲಮಾಳಿಗೆಯ ಕತ್ತಲಲ್ಲಿ ಆಕೆ ಬೆಂಕಿಕಡ್ಡಿ ಗೀರಿದಾಗ ಅದೇ ಚಪ್ಪಾಳೆ ಕಿವಿಯ ಪಕ್ಕದಲ್ಲೇ ಕೇಳಿಸುತ್ತದೆ. ಅಷ್ಟು ಹೊತ್ತಿಗೆ ಆ ಸದ್ದಿಗೆ ಹೆದರುವುದನ್ನು ಚಿತ್ರವೇ ನಮಗೆ ಕಲಿಸಿಬಿಟ್ಟಿರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತಲೂ ಮೇಲಾದ ದೃಶ್ಯ ಇನ್ನೊಂದಿದೆ: ರಾತ್ರಿ ಯಾರೋ ಕಾಲೆಳೆದಂತಾಗಿ ಎಚ್ಚೆತ್ತ ಹುಡುಗಿ, ತೆರೆದ ಬಾಗಿಲಿನ ಹಿಂದಿನ ಕತ್ತಲನ್ನು ನೋಡುತ್ತ ನಡುಗುತ್ತಾಳೆ, ಅಕ್ಕ ಅಲ್ಲಿಗೇ ಹೋಗಿ ನಿಂತು ಏನೂ ಇಲ್ಲವೆನ್ನುತ್ತಾಳೆ. ನಿರ್ದೇಶಕರು ಅಲ್ಲಿ ನಿಜಕ್ಕೂ ಏನನ್ನೂ ತೋರಿಸುವುದಿಲ್ಲ. ಬಾಗಿಲು ದಡ್ಡನೆ ಬಡಿದುಕೊಳ್ಳುವ ಹೊತ್ತಿಗೆ ನಾವು ಆ ಕತ್ತಲಲ್ಲಿ ನಮಗೆ ಬೇಕಾದ ದೆವ್ವವನ್ನು ಕೂರಿಸಿ ಆಗಿರುತ್ತದೆ. ದೆವ್ವ ಬಿಡಿಸುವ ಕೊನೆಯ ಭಾಗದಲ್ಲಿ ಎಲ್ಲವೂ ಕಣ್ಣೆದುರಿಗೆ ಬಂದು ಕಿರುಚಾಡತೊಡಗುತ್ತದೆ, ಚಿತ್ರವೂ ಸಾಧಾರಣವಾಗಿಬಿಡುತ್ತದೆ ಎಂಬ ನಿಮ್ಮ ಆಕ್ಷೇಪವಿದ್ದರೆ ಅದಕ್ಕೆ ನನ್ನ ಸಹಮತವಿದೆ.

ಪ್ರಶ್ನೆ: ಈಗ ಜೋರು ಸದ್ದು ಬರುತ್ತದೆ ಎಂದು ಮೊದಲೇ ಗೊತ್ತಾದರೂ ಪ್ರತಿ ಸಲವೂ ಬೆಚ್ಚಿಬೀಳುತ್ತೇನೆ. ನಾನು ಅಷ್ಟೊಂದು ಪುಕ್ಕಲೇ? – ಓದುಗರು, ಹಾಸನ

ಉತ್ತರ: ಅಲ್ಲ. ಹಠಾತ್ ಸದ್ದಿಗೆ ಕಣ್ಣು ಮುಚ್ಚಿಕೊಳ್ಳುವುದೂ ಕತ್ತು ಕುಗ್ಗುವುದೂ ಮಿದುಳಿನ ಕಾಂಡದಲ್ಲೇ ತೀರ್ಮಾನವಾಗುವ ಸಂಗತಿಗಳು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮೊದಲೇ ರೆಪ್ಪೆ ಮುಚ್ಚಿರುತ್ತದೆ, ವಿವೇಕ ಬಂದು ಸಮಾಧಾನ ಹೇಳುವುದು ಆಮೇಲೆ. ಮೊದಲೇ ಅಂಜಿ ಕುಳಿತವರು ಅದೇ ಸದ್ದಿಗೆ ಇನ್ನೂ ಹೆಚ್ಚು ಬೆಚ್ಚುತ್ತಾರೆ ಎಂಬುದೂ ಪ್ರಯೋಗಗಳಲ್ಲಿ ಕಂಡ ಮಾತು.

ಸಿನಿಮಾದವರು ಇದನ್ನು ಕಂಡುಕೊಂಡು ಎಂಬತ್ತು ವರ್ಷಗಳ ಮೇಲಾಯಿತು. 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಹೆಂಗಸೊಬ್ಬಳು ರಾತ್ರಿ ನಿರ್ಜನ ರಸ್ತೆಯಲ್ಲಿ ನಡೆಯುತ್ತಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು. ಆ ಸದ್ದು ನಿಲ್ಲುತ್ತದೆ. ಮೃಗವೊಂದು ಬುಸುಗುಟ್ಟಿ ಎರಗಿತೆನ್ನುವಷ್ಟರಲ್ಲಿ ಬಸ್ಸೊಂದು ಚೌಕಟ್ಟಿನೊಳಗೆ ನುಗ್ಗಿ ನಿಲ್ಲುತ್ತದೆ. ಕೇಳಿಸಿದ್ದು ಅದರ ಬ್ರೇಕಿನ ಸದ್ದು. ನಿರ್ಮಾಪಕ ವಾಲ್ ಲ್ಯೂಟನ್ ಅವರ ಹೆಸರಿನಿಂದ ಈ ತಂತ್ರಕ್ಕೆ ಇಂದಿಗೂ ‘ಲ್ಯೂಟನ್ ಬಸ್’ ಎಂದೇ ಹೆಸರು. ಬೆಕ್ಕು ಹಾರುವುದು, ಗೆಳೆಯ ಬಂದು ಹೆಗಲು ಮುಟ್ಟುವುದು, ಬಚ್ಚಲಿನ ಕನ್ನಡಿಯಲ್ಲಿ ಮುಖ ಕಾಣುವುದು ಎಲ್ಲವೂ ಆ ಬಸ್ಸಿನ ಮರಿಮಕ್ಕಳೇ. ಮೊಮ್ಮಕ್ಕಳು ಅಜ್ಜನ ಗದ್ದಲವನ್ನಷ್ಟೇ ಉಳಿಸಿಕೊಂಡು, ಅದಕ್ಕೆ ಮುಂಚಿನ ಮೌನವನ್ನು ಮರೆತರು ಎಂಬುದೇ ದೂರು.

ಲ್ಯೂಟನ್ ಅವರ ನಿರ್ಮಾಣದಲ್ಲೇ ನಿರ್ದೇಶನ ಆರಂಭಿಸಿದ ರಾಬರ್ಟ್ ವೈಸ್ ಅವರ ‘ದಿ ಹಾಂಟಿಂಗ್’ (1963) ನೋಡಿ. ದೆವ್ವ ಒಮ್ಮೆಯೂ ಕಾಣುವುದಿಲ್ಲ. ಗೋಡೆಯಾಚೆ ಗುದ್ದುವ ಸದ್ದು ಹತ್ತಿರ ಬರುತ್ತದೆ. ಇನ್ನೊಮ್ಮೆ ಮರದ ಬಾಗಿಲು ಉಸಿರೆಳೆದುಕೊಂಡಂತೆ ಒಳಕ್ಕೆ ಉಬ್ಬುತ್ತದೆ. ಅಲ್ಲಿ ಹುಟ್ಟುವುದು ದಿಗಿಲು. ಬೆಚ್ಚಿದ್ದು ಮರುಕ್ಷಣಕ್ಕೆ ನಗುವಾಗಿ ಇಳಿದುಹೋಗುತ್ತದೆ, ದಿಗಿಲು ಮಾತ್ರ ರಾತ್ರಿ ನೀರು ಕುಡಿಯಲು ಎದ್ದಾಗಲೂ ಜೊತೆಗಿರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಆದರೂ ಈ ಜನ ಮನೆ ಬಿಟ್ಟು ಏಕೆ ಹೋಗುವುದಿಲ್ಲ? – ಓದುಗರು, ಮೈಸೂರು

ಉತ್ತರ: ಸಾಲ ಮಾಡಿ ಮನೆ ಕೊಂಡವರು ಈ ಪ್ರಶ್ನೆ ಕೇಳಲಾರರು. ‘ದಿ ಕಾಂಜ್ಯೂರಿಂಗ್’ ಕುಟುಂಬದ ದುಡ್ಡೆಲ್ಲ ಆ ಮನೆಗೇ ಸುರಿದಿರುತ್ತದೆ. ನಿಜಜೀವನದ ಪೆರನ್ ಕುಟುಂಬವೂ 1980ರವರೆಗೆ ಅಲ್ಲಿಯೇ ವಾಸವಿತ್ತು.

ಪ್ರಶ್ನೆ: ಗೆಳೆಯರು ಸೇರಿ ದೆವ್ವದ ಮನೆಯ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಕೈಯಲ್ಲಿ ಹಣವಿಲ್ಲ. – ವಿದ್ಯಾರ್ಥಿ, ಧಾರವಾಡ

ಉತ್ತರ: ಓರೆನ್ ಪೆಲಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಸುಮಾರು 15 ಸಾವಿರ ಡಾಲರ್ ವೆಚ್ಚದಲ್ಲಿ, ಸ್ಯಾನ್ ಡಿಯಾಗೋದ ತಮ್ಮ ಸ್ವಂತ ಮನೆಯಲ್ಲೇ ಚಿತ್ರೀಕರಿಸಿದರು. ಅದರ ಅತ್ಯಂತ ಭಯಂಕರವಾದ ದೃಶ್ಯಗಳಲ್ಲಿ ಕ್ಯಾಮೆರಾ ಮಲಗುವ ಕೋಣೆಯ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಅಲುಗದೆ ನಿಂತಿರುತ್ತದೆ. ಎಲ್ಲಿ ನೋಡಬೇಕೆಂದು ಕ್ಯಾಮೆರಾ ಹೇಳದಿರುವುದರಿಂದ ಪ್ರೇಕ್ಷಕ ಹಾಸಿಗೆ, ಬಾಗಿಲು, ಬಾಗಿಲಾಚೆಯ ಕತ್ತಲು ಎಂದು ತಾನೇ ಹುಡುಕಾಡುತ್ತಾನೆ. ಆದ್ದರಿಂದ ಮುಖಕ್ಕೆ ಬಳಿಯುವ ಬಿಳಿ ಬಣ್ಣಕ್ಕೆ ದುಡ್ಡು ಹಾಕಬೇಡಿ. ಒಳ್ಳೆಯದೊಂದು ಮೈಕ್ ಬಾಡಿಗೆಗೆ ತನ್ನಿ. ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ ಕಾಲ ನಿಮ್ಮ ಮನೆಯ ಸದ್ದನ್ನಷ್ಟೇ ಧ್ವನಿಮುದ್ರಿಸಿಕೊಂಡು ಬೆಳಿಗ್ಗೆ ಕೇಳಿ. ಚಿತ್ರಕಥೆಯನ್ನು ಅದಾದ ಮೇಲೆ ಬರೆಯಲು ಕುಳಿತರೆ ಸಾಕು.